ಕೋಗಿಲೆಯ ದೀರ್ಘ

ಹತ್ತಿರ ಬನ್ನಿ, ಜೋರಾಗಿ ಹೇಳೋ ಮಾತಲ್ಲ ಇದು. ನಮ್ಮ ಚಿಕ್ಕಮ್ಮನ ಮಗಳು, ನಮ್ಮಕ್ಕ, ಅವಳಿಗೇ ಆಗಿದ್ದು. ಕಣ್ಣು ಕಾಣದವರಿಗೆ ಪುಸ್ತಕ ಓದಿ ರೆಕಾರ್ಡ್ ಮಾಡೋ ಕಚೇರಿಯಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋ ಕೆಲಸ ಅವಳದು. ದೆವ್ವ ಅಂದ್ರೆ ಬಿದ್ದು ಬಿದ್ದು ನಗ್ತಿದ್ದೋಳು.

ಅವತ್ತು ತಡವಾಗಿ ಮನೆಗೆ ಹೊರಟಿದ್ದಾಳೆ. ಬೀದಿ ಕೊನೆಯ ಹಾಳುಬಾವಿ ದಾಟಬೇಕು... ಫೋನು. ಕೋಗಿಲೆಯ ಮಗಳು.

ಕೋಗಿಲೆ ಅಂದ್ರೆ ಅಲ್ಲಿ ಓದ್ತಿದ್ದ ಹೆಂಗಸು. ಎಲ್ಲರೂ ಹಾಗೇ ಕರೀತಿದ್ದಿದ್ದು. ಕಂಪ್ಯೂಟರಿನಲ್ಲೂ ಅದೇ ಹೆಸರು ಬೇಕು, ಅದೂ ಕನ್ನಡದಲ್ಲೇ, ಅಂತ ಹಟ ಹಿಡಿದು ತಾವೇ ಬರೆದುಕೊಂಡಿದ್ದರು. ಓದ್ತಿದ್ದ ಪುಸ್ತಕದ ಕೊನೇ ಅಧ್ಯಾಯ ಮುಟ್ಟೋ ಮೊದಲೇ ತೀರಿಕೊಂಡ್ರು, ಪಾಪ.

"ಆಂಟಿ... ಅಮ್ಮನ ದನಿ ಸಿಕ್ತಾ?"

ಸಿಕ್ಕಿರಲಿಲ್ಲ. ಕಚೇರಿಯ ಫೈಲುಗಳನ್ನೆಲ್ಲ ಹೊಸ ಕಂಪ್ಯೂಟರಿಗೆ ಸಾಗಿಸಿದ್ರು, ಆ ಯಂತ್ರಕ್ಕೆ ಕೋಗಿಲೆ ಅನ್ನೋ ಹೆಸರು ಅರ್ಥವಾಗಿರಲಿಲ್ಲ. ಅವರ ಫೈಲುಗಳ ಒಡೆಯರು ಯಾರು ಅಂದ್ರೆ 'ಯಾರೂ ಅಲ್ಲ' ಅಂತ ತೋರಿಸ್ತಿತ್ತು. ಒಡೆಯರ ಹೆಸರು ಹೊಂದದೆ ಫೈಲು ತೆರೆಯೋದಿಲ್ಲ. ದಿಕ್ಕಿಲ್ಲದ ಫೈಲುಗಳನ್ನ ಬೆಳಿಗ್ಗೆ ಅಳಿಸಿ ಅಂತ ಮೇಲಿನವರ ಅಪ್ಪಣೆ ಬೇರೆ.

ಅಕ್ಕ ಬಾವಿ ಹತ್ತಿರದಿಂದಲೇ ಕಚೇರಿಗೆ ವಾಪಸ್ ಹೋದಳು.

ಕಚೇರಿಯಲ್ಲಿ ನರಪಿಳ್ಳೆ ಇಲ್ಲ. ಯಂತ್ರದ ಗುಂಯ್ ಒಂದೇ. ಕೋಗಿಲೆ ಅಂತ ಬರೆದಳು. ಹೊಂದಲಿಲ್ಲ. ಅಳಿಸಿ ಬರೆದಳು. ಹಳೇ ಹೆಸರಿನ ಪಕ್ಕದಲ್ಲೇ ಇಟ್ಟು ನೋಡಿದಳು, ಒಂದು ಕೊಂಬೂ ವ್ಯತ್ಯಾಸ ಇಲ್ಲ. ಆದ್ರೂ ಬೇರೆ ಅನ್ನುತ್ತೆ ಯಂತ್ರ!

ಆಗ... ಬೀಗ ಹಾಕಿದ ಓದುವ ಕೋಣೆಯೊಳಗೆ... ಸರ್ರ್. ಹಾಳೆ ಮಗುಚಿದ ಸದ್ದು.

"ಯಾರದು?"

ಅಕ್ಕ ಕೂಗಿದಳು. ಆಮೇಲೆ ಕಿವಿಯ ಪಕ್ಕದಲ್ಲೇ...

"ಮೊದ್ಲು ಕೊ, ಮರಿ. ದೀರ್ಘ ಬೇರೆ ಎಳಿ."

ಅವಳನ್ನ ಮರಿ ಅಂತಿದ್ದಿದ್ದು ಕೋಗಿಲೆ ಒಬ್ಬರೇ.

ಅಕ್ಕ ಕೊ ಒತ್ತಿದಳು. ಆಮೇಲೆ ದೀರ್ಘ ಒಂದನ್ನೇ. ಕಣ್ಣಿಗೆ ಅದೇ ಕೋ. ಯಂತ್ರಕ್ಕೆ ಮಾತ್ರ ಬೇರೆ, ಕೋಗಿಲೆ ತಮ್ಮ ಹೆಸರನ್ನ ಹಾಗೇ ಎರಡು ತುಂಡಾಗಿ ಒತ್ತಿದ್ದರು. ಟಕ್! 'ಯಾರೂ ಅಲ್ಲ' ಹೋಗಿ ಸಾಲುಸಾಲಾಗಿ ಕೋಗಿಲೆ, ಕೋಗಿಲೆ ಅಂತ ಬಂತು. ಸಿಕ್ಕಿದ್ದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು, ಹಿಂದೆ ತಿರುಗದೆ ಓಡಿದಳು.

ಮಾರನೇ ದಿನ ಹುಡುಗಿ ಅಳ್ತಾ ನಗ್ತಾ ಕೇಳಿಸಿಕೊಂಡಳಂತೆ. ಎಲ್ಲಾ ಇತ್ತು. ಕೊನೇ ಅಧ್ಯಾಯಾನೂ. ಅಲ್ಲಿ ಥಟ್ಟನೆ ನಿಲ್ಲಿಸಿದಳು.

"ಆಂಟಿ, ಅಮ್ಮ ಇದನ್ನ ಓದುವಾಗ ನೀವೂ ಅಲ್ಲೇ ಇದ್ರಾ?"

ರೆಕಾರ್ಡಿನಲ್ಲಿ, ಹಾಳೆ ಮಗುಚಿದ ಸದ್ದಿನ ಹಿಂದೆಯೇ, ದೂರದಿಂದ, ಅಕ್ಕನ ದನಿ ಇತ್ತು: "ಯಾರದು?"

ನಾನ್ಯಾಕೆ ಸುಳ್ಳು ಹೇಳ್ಲಿ? ಅಕ್ಕ ಈಗಲೂ ಅದೇ ಕಚೇರಿಯಲ್ಲೇ ಇದ್ದಾಳೆ, ಬೇಕಾದ್ರೆ ಕೇಳ್ಕೊಂಡು ಬನ್ನಿ. ಆ ಯಂತ್ರದಲ್ಲಿ ಕೋಗಿಲೆಯ ಫೈಲುಗಳಿಗೆಲ್ಲ ಅವರ ಹೆಸರೇ ಇದೆ. ಅಳಿಸಿದ್ರೂ ಹೋಗದ ಆ ಕೊನೇ ಅಧ್ಯಾಯದ ಒಡೆಯರು ಮಾತ್ರ ಇನ್ನೂ 'ಯಾರೂ ಅಲ್ಲ'.