ಅಳಿಯನ ಹೆಸರಿನ ಸಾಫ್ಟ್‌ವೇರು

ಮಗಳ ಲಗ್ನಪತ್ರಿಕೆ ಇವತ್ತೂ ಅಚ್ಚಾಗಿಲ್ಲವೆಂದು ಪ್ರೆಸ್ಸಿನವರು ಬರಿಗೈಯಲ್ಲಿ ಕಳಿಸಿದ್ದರು. ಚಂದ್ರಕ್ಕ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಸಿಟ್ಟಿನಿಂದ ಕೂತಿದ್ದಳು. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರಲ್ಲಿ ಒಬ್ಬಳ ಫೋನು ಬಡಿದುಕೊಳ್ಳುತ್ತಲೇ ಇತ್ತು.

“ಎತ್ತೇ ಸ್ವಾತಿ, ಪ್ರೆಸ್ಸಿನ ಓನರ್ರು.”

“ಬಡ್ಕಳ್ಳಿ ಬಿಡು. ಹೊಸ ಕಂಪ್ಯೂಟರ್ ತಂದವ್ರೆ, ಅದರ ಪ್ರೊಸೆಸರ್ರೇ ಬೇರೆ. ನಾನು ಬರೆದ ಲಗ್ನಪತ್ರಿಕೆ ಸಾಫ್ಟ್‌ವೇರು ಅದರಲ್ಲಿ ಓಡ್ತಿಲ್ಲ.”

“ನಿಂಗೆ ಸರಿ ಮಾಡಾಕೆ ಆಗಲ್ವಾ?”

“ಆಗ್ತೈತೆ, ಮೂಲ ಕೋಡ್ ನನ್ನತ್ರಾನೇ ಐತೆ. ಆದ್ರೆ ನನ್ನ ಹೆಸರು ಅಳಿಸಿ ಅಳಿಯನ ಹೆಸರು ಹಾಕ್ಕಂಡು, ನನ್ನ ಕೆಲಸದಿಂದ ತೆಗೆದ್ರಲ್ಲ?”

ಮತ್ತೆ ಬಡಿದ ಫೋನನ್ನು ಸ್ವಾತಿ ಈ ಸಲ ಎತ್ತಿದಳು.

“ಬರೆದೋರ ಹೆಸರು ಅದರ ಮೇಲೇ ಐತಲ್ಲ ಸಾರ್, ಅವರನ್ನೇ ಕೇಳ್ರಿ.”

ಬಸ್ ಬಂದು ಇಬ್ಬರೂ ಹತ್ತಿಕೊಂಡರು. ಅದೇ ಬಸ್ಸಿಗೆ ಕಾದಿದ್ದ ಚಂದ್ರಕ್ಕ ಸೆರಗು ಸಿಕ್ಕಿಸಿಕೊಂಡು ಪ್ರೆಸ್ಸಿನ ಕಡೆಗೆ ತಿರುಗಿ ನಡೆದಳು.