ಮಾವ ಕೂರಿಸಿದ ಬಾಗಿಲು

ಬಸ್ಸಿನಲ್ಲಿ ನನ್ನ ಮುಂದೆ ಒಬ್ಬ ಮುದಿ ಬಡಗಿ ಮತ್ತು ಅವನ ಸೊಸೆ ಕೂತಿದ್ದರು. ಅವಳ ತೊಡೆಯ ಮೇಲೆ ಏರ್‌ಗನ್ನಿನ ಉದ್ದ ಚೀಲ, ಕೊರಳಲ್ಲಿ ಹೊಸ ಪದಕ.

“ಮಾವ, ಇವತ್ತು ದೂರದ ಗುರಿಗೂ ಒಂದು ಗುಂಡು ಪಕ್ಕಕ್ಕೆ ಜಾರಲಿಲ್ಲ. ನೀವು ನಿಮ್ಮ ರಸಮಟ್ಟದ ಗುಳ್ಳೆ ನೋಡಿ ಗನ್ನಿನ ಮೇಲಿನ ದುರ್ಬೀನು ನೆಟ್ಟಗೆ ಕೂರಿಸಿಕೊಡದಿದ್ರೆ, ನನ್ನ ಕಣ್ಣೇ ಸರಿಯಿಲ್ಲ ಅಂತ ಬಂದೂಕನ್ನ ಅಟ್ಟಕ್ಕೆ ಹಾಕ್ತಿದ್ದೆ.”

“ಮೊದಲು ಯಾವುದನ್ನ ನೋಡಿ ಕೂರಿಸಿದ್ದೆ?”

“ದುರ್ಬೀನಿನೊಳಗಿನ ಗೆರೆಯನ್ನ ನಮ್ಮನೆ ಬಾಗಿಲ ಚೌಕಟ್ಟಿಗೆ ಹೊಂದಿಸಿದ್ದೆ. ನೀವೇ ಮಾಡಿದ್ದಲ್ವಾ ಅಂತ ನಂಬಿದ್ದೆ.”

“ಅದು ವಾಲಿದೆ ಕಣಮ್ಮ. ನಿಮ್ಮತ್ತೆ ಮೂವತ್ತು ವರ್ಷದಿಂದ ಹೇಳ್ತಾಳೆ. ಜಪ್ಪಯ್ಯ ಅಂದ್ರೂ ನಾನು ಒಪ್ಪಿಲ್ಲ.”

“ಅಯ್ಯೋ! ಈಗ?”

ಬಸ್ಸು ನಿಂತಿತು. ಬಡಗಿ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡು ಎದ್ದ.

“ಪದಕ ಹಾಕ್ಕೊಂಡೇ ಒಳಗೆ ಹೋಗು. ಅದನ್ನ ನೋಡಿ ನಿಮ್ಮತ್ತೆ ಹಿಗ್ಗಿರುವಾಗಲೇ ತಪ್ಪು ಒಪ್ಕೊಂಡುಬಿಡ್ತೀನಿ.”