ತೊಂಬತ್ತನೇ ಮೈಲಿಯ ಉರುಟಣೆ

ಹೆಸರು: ಶೇಷಗಿರಿ. ವಯಸ್ಸು: 55 ವರ್ಷ. ಉದ್ಯೋಗ: ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ರೇಕ್ ಇಂಜಿನಿಯರ್. ವಾಸ: ಟ್ರಾಯ್, ಮಿಷಿಗನ್. ಸ್ವಂತ ಊರು: ಮೈಸೂರು.

ಮೇಲ್ಕಂಡ ನಾನು, ಬಲಗಿವಿಗೆ ನಾಲ್ಕು ಹೊಲಿಗೆ ಹಾಕಿಸಿಕೊಂಡ ನಂತರ, ಯಾರ ಒತ್ತಾಯವೂ ಇಲ್ಲದೆ ತಿಳಿಸುವುದೇನೆಂದರೆ:

ಗಾಬರಿಯಲ್ಲಿ ನನ್ನ ಇಂಗ್ಲಿಷ್ ಕೈಕೊಟ್ಟಿದ್ದರಿಂದ, ನಿಮ್ಮ ಭಾಷೆಯಲ್ಲೇ ಬರೆಯಿರಿ, ಅನುವಾದ ಮಾಡಿಸಿಕೊಳ್ಳುತ್ತೇವೆ ಎಂದು ಪೊಲೀಸ್ ಆಫೀಸರ್ ಹೇಳಿದರು. ನನ್ನ ತಂದೆ ನಂಜನಗೂಡು ಠಾಣೆಯಲ್ಲಿ ರೈಟರ್ ಆಗಿದ್ದರು. ಆದ್ದರಿಂದ ಹೇಳಿಕೆಯ ಕ್ರಮ ನನಗೆ ತಿಳಿದಿದೆ.

ಈ ದಿನ ದಿನಾಂಕ 18-10-2025, ಶನಿವಾರ, ಬೆಳಗ್ಗೆ 8.05ಕ್ಕೆ ನಾನು ಮತ್ತು ನನ್ನ ಹೆಂಡತಿ ಲತಾಶ್ರೀ, ವಯಸ್ಸು 51, ಕಾರಿನಲ್ಲಿ ಟ್ರಾಯ್ ಬಿಟ್ಟೆವು. ಪಶ್ಚಿಮಕ್ಕೆ ಸುಮಾರು ಮುನ್ನೂರು ಮೈಲಿ ದೂರದ ಲೆಮಾಂಟ್‌ನಲ್ಲಿರುವ ಅವಳ ತಮ್ಮ ವೆಂಕಟರಾಮುವಿನ ಮನೆಗೆ ಅವಳನ್ನು ಬಿಟ್ಟುಬರುವುದು ಪ್ರಯಾಣದ ಉದ್ದೇಶ. ಅವಳು ಇನ್ನು ಮುಂದೆ ಅಲ್ಲೇ ಇರುವುದೆಂದು ತೀರ್ಮಾನವಾಗಿತ್ತು. ಕಾರಣ ಕೇಳಿದರೆ, ನಾನು ಕುಡಿಯುವವನಲ್ಲ, ಹೊಡೆಯುವವನಲ್ಲ. ಏನು ಕೇಳಿದರೂ ಉತ್ತರ ಕೊಡುವವನೂ ಅಲ್ಲ ಎಂಬುದೇ ಅವಳ ದೂರು. ಗೋಡೆಗೆ ಕೇಳಿದರೆ ಪ್ರತಿಧ್ವನಿಯಾದರೂ ಬರುತ್ತದೆ ಎಂದು ಅವಳು ಹೇಳಿದ್ದಳು. ಅದಕ್ಕೂ ನಾನು ಉತ್ತರ ಕೊಟ್ಟಿರಲಿಲ್ಲ.

ಡಿಕ್ಕಿಯಲ್ಲಿ ಅವಳ ಆರು ಪೆಟ್ಟಿಗೆಗಳಿದ್ದವು. ಹಿಂದಿನ ಸೀಟಿನಲ್ಲಿ, ನನ್ನ ಬೆನ್ನ ಹಿಂದೆ, ದೋಸೆ ಹಿಟ್ಟು ರುಬ್ಬುವ ಗ್ರೈಂಡರ್ ಇತ್ತು. ಅದು ಯಾರಿಗೆ ಸೇರಬೇಕೆಂಬ ಬಗ್ಗೆ ತಕರಾರು ಇರಲಿಲ್ಲ, ಏಕೆಂದರೆ ಅದರ ಮುಚ್ಚಳ ತೆಗೆಯಲು ನನಗೆ ಬರುವುದಿಲ್ಲ. ವೃತ್ತಿಧರ್ಮಕ್ಕೆ ಅನುಸಾರವಾಗಿ ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ.

ಸುಮಾರು 9.38ಕ್ಕೆ ಜಾಕ್ಸನ್ ಬಳಿ ಕಾಫಿ ಕುಡಿದು ಮತ್ತೆ ಹೆದ್ದಾರಿ 94ಕ್ಕೆ ಸೇರುವಾಗ, ರಸ್ತೆಯ ಅಂಚಿನಲ್ಲಿ ಒಬ್ಬ ವ್ಯಕ್ತಿ ಹೆಬ್ಬೆರಳು ಎತ್ತಿ ನಿಂತಿದ್ದ. ಎತ್ತರ ಆರಡಿ, ವಯಸ್ಸು ಮೂವತ್ತೈದರ ಆಸುಪಾಸು, ಚೌಕುಳಿ ಜಾಕೆಟ್. ನಾನು ನಿಲ್ಲಿಸಿದೆ.

ಯಾಕೆ ನಿಲ್ಲಿಸಿದಿರಿ ಎಂದು ಆಫೀಸರ್ ಮೂರು ಸಲ ಕೇಳಿದ್ದರಿಂದ ವಿವರಿಸುತ್ತೇನೆ. 1988ರಿಂದ 92ರವರೆಗೆ ನಾನು ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದ್ದು ಅಪರಿಚಿತರ ಸ್ಕೂಟರುಗಳ ಹಿಂದಿನ ಸೀಟಿನಲ್ಲಿ. ಸರಸ್ವತಿಪುರಂ ಸರ್ಕಲ್ಲಿನಲ್ಲಿ ನಿಂತು ಹೆಬ್ಬೆರಳು ಚಾಚಿ, ಸಾರ್, ಡ್ರಾಪ್ ಕೊಡಿ ಎಂದರೆ ಸಾಕು, ಯಾರಾದರೂ ನಿಲ್ಲಿಸುತ್ತಿದ್ದರು. ಬೆಳಗಿನ ಚಳಿ, ಸ್ಕೂಟರಿನ ಪೆಟ್ರೋಲ್ ವಾಸನೆ, ಮುಂದೆ ಕೂತವರ ಸ್ವೆಟರಿನ ನಫ್ತಲಿನ್ ವಾಸನೆ ನನಗೆ ಈಗಲೂ ಬರುತ್ತದೆ. ಬೂದು ಬಣ್ಣದ ಲ್ಯಾಂಬ್ರೆಟಾದವರೊಬ್ಬರು ಎರಡು ವರ್ಷ ಡ್ರಾಪ್ ಕೊಟ್ಟು, ದಾರಿಯುದ್ದಕ್ಕೂ ನನ್ನ ಮಾರ್ಕ್ಸು, ಗೋತ್ರ, ನಕ್ಷತ್ರ ಎಲ್ಲವನ್ನೂ ವಿಚಾರಿಸಿಕೊಂಡು, 1997ರಲ್ಲಿ ಮಗಳನ್ನೂ ಕೊಟ್ಟರು. ಆ ಮಗಳೇ ಸದರಿ ಲತಾಶ್ರೀ. ಹೀಗಿರುವಾಗ ಕೈ ಚಾಚಿದವನನ್ನು ಬಿಟ್ಟು ಮುಂದೆ ಹೋಗುವುದು ನನಗೆ ಸಾಧ್ಯವಿರಲಿಲ್ಲ. ಲತಾಶ್ರೀ ಬೇಡವೆನ್ನಬಹುದಿತ್ತು. ಆದರೆ ಆ್ಯನ್ ಆರ್ಬರ್ ದಾಟಿದ ಮೇಲೆ ನಮ್ಮ ನಡುವೆ ಮಾತು ನಿಂತಿತ್ತು.

ಆ ವ್ಯಕ್ತಿ ಗ್ರೈಂಡರಿನ ಪಕ್ಕದಲ್ಲಿ, ಲತಾಶ್ರೀಯ ಹಿಂದೆ ಕುಳಿತ. ಬೆಲ್ಟ್ ಹಾಕಿಕೊಳ್ಳಲಿಲ್ಲ. ಕಾರು ಬೀಪ್ ಎಂದು ಎಚ್ಚರಿಸಿತು. ಆ ಶಬ್ದ ನಿಲ್ಲಿಸಲು ಅವನು ಹೇಳಿದ. ಅದು ತಾನಾಗಿಯೇ ನಿಲ್ಲುತ್ತದೆ ಎಂದೆ. ನಿಂತಿತು.

9.55ಕ್ಕೆ, 119ನೇ ಮೈಲಿಗಲ್ಲಿನ ಬಳಿ (ಪಶ್ಚಿಮಕ್ಕೆ ಹೋದಂತೆ ಈ ಸಂಖ್ಯೆ ಇಳಿಯುತ್ತದೆ), ಅವನು ಜಾಕೆಟ್ಟಿನಿಂದ ಪಿಸ್ತೂಲು ತೆಗೆದು ಲತಾಶ್ರೀಯ ಕತ್ತಿನ ಹಿಂಭಾಗಕ್ಕೆ ಹಿಡಿದ. ಅವನ ಅಂಗಿಯ ತೋಳಿನ ತುದಿಯಲ್ಲಿ ರಕ್ತವಿತ್ತು. ಬೆಳಗ್ಗೆ ಬೇರೊಬ್ಬ ತನಗೆ ಲಿಫ್ಟ್ ಕೊಟ್ಟಿದ್ದನೆಂದೂ, ಆ ಮನುಷ್ಯ ಈಗ ಒಂದು ಚರಂಡಿಯಲ್ಲಿದ್ದಾನೆಂದೂ ತಿಳಿಸಿದ. ಫೋನುಗಳನ್ನು ಕಿತ್ತುಕೊಂಡು ಕಿಟಕಿಯಿಂದ ಎಸೆದ. ನಾನು ವೇಗ ಕಡಿಮೆ ಮಾಡಿದ್ದಕ್ಕೆ ಪಿಸ್ತೂಲಿನ ಹಿಡಿಯಿಂದ ನನ್ನ ಕಿವಿಗೆ ಹೊಡೆದ.

ಮುಂದಿನ ಹತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. ಇದು ಅವನಿಗೆ ಕಿರಿಕಿರಿಯಾಯಿತು. ನೀವು ಗಂಡ ಹೆಂಡತಿಯೋ, ಇಲ್ಲ ಟ್ಯಾಕ್ಸಿಯೋ ಎಂದು ಕೇಳಿದ. ಲತಾಶ್ರೀ, ತಾನು ಇಪ್ಪತ್ತೆಂಟು ವರ್ಷದಿಂದ ಕೇಳುತ್ತಿರುವ ಪ್ರಶ್ನೆಯೂ ಅದೇ ಎಂದಳು. ಅವನು ನಕ್ಕ. ನಕ್ಕಾದ ಮೇಲೆ, ತನಗೆ ಡ್ರೈವರ್ ಒಬ್ಬ ಸಾಕು, ಕಲಮಜೂ ಪಟ್ಟಣ ಬರುವುದರೊಳಗೆ ಇನ್ನೊಬ್ಬರ ಲೆಕ್ಕ ಮುಗಿಸುವುದಾಗಿ ಹೇಳಿದ. ಅವಳನ್ನು ಇಳಿಸಿಬಿಡು, ಎಲ್ಲಿಗೆ ಬೇಕಾದರೂ ನಾನು ಓಡಿಸುತ್ತೇನೆ ಎಂದು ಕೇಳಿಕೊಂಡೆ. ಅವನು ಒಪ್ಪಲಿಲ್ಲ. ಆಗ ಮೈಲಿಗಲ್ಲು 101. ಕಲಮಜೂಗೆ ಇಪ್ಪತ್ತು ಮೈಲಿ ಉಳಿದಿತ್ತು.

ಆಗ ಲತಾಶ್ರೀ, ಸಾಯುವ ಮೊದಲು ಗಂಡ ಹೆಂಡತಿ ಸೇರಿ ಹಾಡುವ ಪ್ರಾರ್ಥನೆ ನಮ್ಮಲ್ಲಿದೆ, ಅದಕ್ಕೆ ಅವಕಾಶ ಕೊಡಬೇಕೆಂದು ಕೇಳಿದಳು. ಐದು ನಿಮಿಷ ಎಂದ ಅವನು. ನಮ್ಮಲ್ಲಿ ಅಂಥ ಪ್ರಾರ್ಥನೆ ಇಲ್ಲ. ಅವಳು ಎತ್ತಿಕೊಂಡದ್ದು ಉರುಟಣೆ ಹಾಡಿನ ಧಾಟಿ.

ಉರುಟಣೆ ಎಂದರೆ ಮದುವೆಯ ಮಾರನೇ ದಿನ ಗಂಡು ಹೆಣ್ಣು ಎದುರುಬದುರು ಕುಳಿತು, ಅರಿಸಿನ ಗಂಧ ಹಚ್ಚುತ್ತಾ ಹಾಡಿನಲ್ಲಿ ಒಬ್ಬರನ್ನೊಬ್ಬರು ಛೇಡಿಸುವ ಶಾಸ್ತ್ರ. ನಮ್ಮ ಉರುಟಣೆಯಲ್ಲಿ ಅವಳು ನನ್ನ ಕಿವಿ, ಕನ್ನಡಕ, ವಾಚು ಎಲ್ಲವನ್ನೂ ಸೇರಿಸಿ ಹಾಡಿದ್ದಳು. ನನ್ನ ಸರದಿ ಬಂದಾಗ ನಾನು ಬೆವರಿದೆ. ಅವಳ ಹೆಸರು ಹೇಳಿದರೆ ಸಾಕು ಎಂದು ಸೋದರತ್ತೆಯರು ಕಾಡಿದರು. ಅದೂ ಆಗಲಿಲ್ಲ. ಛತ್ರವೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು, ಆಗ.

ಈಗ ಕಷ್ಟವೇನೆಂದರೆ, ನಮ್ಮ ದಿನನಿತ್ಯದ ಕನ್ನಡದಲ್ಲಿ ಅರ್ಧ ಇಂಗ್ಲಿಷು. ಬೆಲ್ಟ್ ಎಂದರೂ ಬ್ರೇಕ್ ಎಂದರೂ ಅವನಿಗೆ ತಿಳಿದುಬಿಡುತ್ತದೆ. ಒಂದೂ ಇಂಗ್ಲಿಷ್ ಪದವಿಲ್ಲದೆ, ಕತ್ತಿನ ಮೇಲೆ ಪಿಸ್ತೂಲು ಇಟ್ಟುಕೊಂಡು, ಅವಳು ಹಾಡಿದ್ದು ಹೀಗೆ:

“ಹಿಂದೆ ಕೂತ ಬೀಗರಾಯ ಸೊಂಟಕೆ ಪಟ್ಟಿ ಕಟ್ಟಿಲ್ಲ,
ಮುಂದೆ ಕೂತ ನಾವಿಬ್ಬರೂ ಕಟ್ಟೀವಲ್ಲ ರಾಯರೇ.
ಮೂವತ್ತು ವರುಷ ಅನ್ನ ಕೊಟ್ಟ ಕಸುಬು ಈಗ ತೋರಿಸಿ,
ಆಗಲ್ಲ ಅಂತಲಾದರೂ ಒಮ್ಮೆ ಬಾಯಿ ಬಿಡಿ ರಾಯರೇ.”

ನಾನು ಕನ್ನಡಿ ನೋಡಿದೆ. ಹಿಂದೆ ಒಂದು ಲಾರಿ ಬರುತ್ತಿತ್ತು. ಅದು ದಾಟುವವರೆಗೆ ಅವಳು ಅದೇ ನಾಲ್ಕು ಸಾಲನ್ನು ಎರಡು ಸಲ ಹಾಡಿದಳು.  ನಿನ್ನ ಗಂಡ ಯಾಕೆ ಹಾಡುತ್ತಿಲ್ಲ ಎಂದು ಅವನು ಕೇಳಿದ. ಛತ್ರದಲ್ಲಿ ತಪ್ಪಿಹೋದ ಸರದಿ ಮತ್ತೆ ಬಂತು. ನಾನು ಹಾಡಿದೆ:

“ಕಟ್ಟದ್ದು ಕಂಡೆನೆ ಜಾಣೆ, ಲಾರಿ ದಾಟಿ ಹೋಯಿತು,
ಬಿಳಿಗೆರೆಯಾಚೆ ಬಲಕೆ ಸರಿದು ಕಾಲನೂರಿ ಒತ್ತುವೆ.
ತಲೆಯ ಹಿಂದಕೆ ಆನಿಸಿ ಕೂರು,
ಬಿಟ್ಟು ಹೋಗಬೇಡ ಲತಾಶ್ರೀ.”

ಲಾರಿ ಎಂಬ ಪದ ಬಾಯಿ ತಪ್ಪಿ ಬಂತು. ಈ ದೇಶದವರು ಲಾರಿಗೆ ಟ್ರಕ್ ಎನ್ನುವುದರಿಂದ ಬದುಕಿದೆವು. ಕೊನೆಯ ಸಾಲು ಬ್ರೇಕಿನ ಕೆಲಸಕ್ಕೆ ಅಗತ್ಯವಿರಲಿಲ್ಲ. ಪ್ರಾಸಕ್ಕಾಗಿ ಸೇರಿಸಿದೆನೆಂದು ಹೇಳುವಂತೆಯೂ ಇಲ್ಲ, ಏಕೆಂದರೆ ಪ್ರಾಸ ಕೂಡಿಲ್ಲ.

10.20ಕ್ಕೆ, 90ನೇ ಮೈಲಿಗಲ್ಲು ದಾಟಿದ ಕೂಡಲೆ, ಗಂಟೆಗೆ 70 ಮೈಲಿ ವೇಗದಲ್ಲಿದ್ದ ಕಾರನ್ನು ಬಲಕ್ಕೆ ಸರಿಸಿ ಪೂರ್ತಿ ಬ್ರೇಕ್ ಒತ್ತಿದೆ. ಒಣ ರಸ್ತೆಯಲ್ಲಿ ಕಾರು 180 ಅಡಿಯೊಳಗೆ ನಿಂತಿತು. ಒಂದು ಗುಂಡು ಹಾರಿ ಮುಂದಿನ ಗಾಜನ್ನು ತೂರಿ ಹೋಯಿತು. ಅವನು ಎರಡು ಸೀಟುಗಳ ನಡುವಿನಿಂದ ಬಂದು ಡ್ಯಾಶ್‌ಬೋರ್ಡಿಗೆ ಅಪ್ಪಳಿಸಿ, ಪ್ರಜ್ಞೆ ತಪ್ಪಿ ಅಲ್ಲೇ ಬಿದ್ದ. ಗ್ರೈಂಡರ್ ಇದ್ದಲ್ಲೇ ಇತ್ತು. ಲತಾಶ್ರೀ ತನ್ನ ಕಾಲ ಬಳಿ ಬಿದ್ದ ಪಿಸ್ತೂಲನ್ನು ಗ್ರೈಂಡರಿನ ಪಾತ್ರೆಗೆ ಹಾಕಿ ಮುಚ್ಚಳ ಬಿಗಿದಳು. ಅದನ್ನು ತೆಗೆಯಲು ಪೊಲೀಸರಿಗೂ ಬರಲಿಲ್ಲ.

ನಾವು ಕೆಳಗಿಳಿದು ಹುಲ್ಲಿನ ಮೇಲೆ ಕುಳಿತೆವು. ಹಿಂದೆ ಬಂದ ಕಾರಿನವರು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು 10.31ಕ್ಕೆ ಬಂದು ಅವನನ್ನು ಹಿಡಿದರು. ಆ ಹನ್ನೊಂದು ನಿಮಿಷ ನಾನು ಮಾತಾಡುತ್ತಿದ್ದೆನೆಂದು ಅವಳು ಹೇಳುತ್ತಾಳೆ. ಅವಳ ಅಪ್ಪನ ಸ್ಕೂಟರು, ಸ್ವೆಟರು, ಛತ್ರದಲ್ಲಿ ಹಾಡಬೇಕೆಂದು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದ ಸಾಲು, ಇವೆಲ್ಲವನ್ನೂ ಹೇಳಿದೆನಂತೆ. ಬಾಯಿಪಾಠದ ವಿಷಯ ಅವಳಿಗೆ ಗೊತ್ತಿರಲಿಲ್ಲ.

ಠಾಣೆಗೆ ಬಂದ ಮೇಲೆ ಅವಳು ತಮ್ಮನಿಗೆ ಫೋನ್ ಮಾಡಿದಳು. ಅವನು ಹೊರಟು ಬರುವುದಾಗಿಯೂ, ಅಕ್ಕನನ್ನು ಕರೆದುಕೊಂಡು ಹೋಗುವುದಾಗಿಯೂ ಹೇಳಿದ್ದು ನನಗೂ ಕೇಳಿಸಿತು. ಅವಳು ನನ್ನ ಕಡೆ ನೋಡುತ್ತಾ ಅವನಿಗೆ ಹೇಳಿದ ಮಾತನ್ನು ಯಥಾವತ್ತಾಗಿ ದಾಖಲಿಸುತ್ತೇನೆ:

“ಬರಬೇಡ ಕಣೋ ವೆಂಕಟು. ಇವ್ರು ಈಗ ಮಾತಾಡೋಕೆ ಶುರು ಮಾಡಿದಾರೆ. ಮುಗಿದ ಮೇಲೆ ಬರ್ತೀನಿ.”

ಪೊಲೀಸರಿಗೆ ಸಂಬಂಧಪಟ್ಟಷ್ಟು ಭಾಗ ಇಲ್ಲಿಗೆ ಮುಗಿಯಿತು. ಬರೆದದ್ದನ್ನು ಓದಿ ನೋಡಿದ್ದೇನೆ, ಸುಳ್ಳು ಒಂದೂ ಇಲ್ಲ. ಹೇಳಿಕೆಯ ಉಳಿದ ಭಾಗವನ್ನು ಇಲ್ಲಿಂದ ಪೂರ್ವಕ್ಕೆ, ಟ್ರಾಯ್‌ವರೆಗಿನ 145 ಮೈಲಿಯಲ್ಲಿ, ಸಂಬಂಧಪಟ್ಟವರಿಗೆ ಖುದ್ದಾಗಿ ಕೊಡುತ್ತೇನೆ.

ಸ್ಥಳ: ಕಲಮಜೂ, ಮಿಷಿಗನ್
ದಿನಾಂಕ: 18-10-2025, ಮಧ್ಯಾಹ್ನ 2.40
(ಸಹಿ) ಶೇಷಗಿರಿ
ಸಾಕ್ಷಿ: (ಸಹಿ) ಲತಾಶ್ರೀ ಶೇಷಗಿರಿ